ಆಲ್ಗಾಲ್‌ನ ಸಣ್ಣ ತಗ್ಗು

ಪಾರ್ಥ ಪುಂಜದ ಆಲ್ಗಾಲ್ ಒಂದನ್ನೊಂದು ಸುತ್ತುವ ತಾರೆಗಳ ಜೋಡಿ. ಅದು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ. ಬೆಳಕು ಮೂರರಲ್ಲೊಂದು ಪಾಲಿಗೆ ಇಳಿದು, ಸುಮಾರು 10 ಗಂಟೆಯೊಳಗೆ ಮತ್ತೆ ಮೊದಲಿನಂತಾಗುತ್ತದೆ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕಿವಿ ಕೇಳದ ತರುಣ ಜಾನ್ ಗುಡ್ರಿಕ್ ಇದರ ಲೆಕ್ಕ ಹಿಡಿದು 1783ರಲ್ಲಿ ಪ್ರಕಟಿಸಿದಾಗ ಅವನಿಗೆ 18 ವರ್ಷ.

ಹೊತ್ತು ಕಳೆದಂತೆ ಬೆಳಕಿನ ಏರಿಳಿತವನ್ನು ತೋರಿಸುವ ಗೆರೆಯಲ್ಲಿ ಎಲ್ಲರ ಕಣ್ಣೂ ಆ ದೊಡ್ಡ ತಗ್ಗಿನ ಮೇಲೆ. ನನ್ನ ಮನಸ್ಸು ಸೋತಿರುವುದು ಅರ್ಧ ಸುತ್ತು ಕಳೆದ ಮೇಲೆ ಬರುವ ಸಣ್ಣ ತಗ್ಗಿಗೆ. ಬರಿಗಣ್ಣಿಗೆ ಅದು ತಿಳಿಯದು. 1910ರಲ್ಲಿ ಜೋಯಲ್ ಸ್ಟೆಬಿನ್ಸ್ ಸೆಲೆನಿಯಂ ಕೋಶವಿಟ್ಟು ಬೆಳಕನ್ನು ಅಳೆದಾಗಲೇ ಅದು ಸಿಕ್ಕಿದ್ದು. ಜೋಡಿಯ ತಂಪು ತಾರೆ ಬಿಸಿ ತಾರೆಗೆ ಅಡ್ಡ ಬಂದರೆ ದೊಡ್ಡ ತಗ್ಗು. ಬಿಸಿಯದು ತಂಪಿನದಕ್ಕೆ ಅಡ್ಡ ಬಂದರೆ ಸಣ್ಣದು. ಎರಡು ಸಲವೂ ಮರೆಯಾಗುವ ವಿಸ್ತೀರ್ಣ ಒಂದೇ. ಹಾಗಾಗಿ ಆಳದ ವ್ಯತ್ಯಾಸ ಹೆಚ್ಚುಕಡಿಮೆ ಮೇಲ್ಮೈಗಳ ಬಿಸಿಯ ವ್ಯತ್ಯಾಸವೇ! ದೂರದರ್ಶಕದಲ್ಲೂ ಒಂದೇ ಚುಕ್ಕಿಯಾಗಿ ಕಾಣುವ ಜೋಡಿಯಲ್ಲಿ ಯಾವುದು ಎಷ್ಟು ಬಿಸಿ ಎಂಬುದು ಹೀಗೆ ಕೈಗೆ ಸಿಗುತ್ತದೆ.

ಮಾದರಿ ಕಟ್ಟುವವರು ಗಾತ್ರ, ತಾಪ, ಕಕ್ಷೆಯ ಓರೆಗಳನ್ನು ಮೊದಲು ಅಂದಾಜಿಸಿ, ಗಳಿಗೆ ಗಳಿಗೆಯ ಬೆಳಕನ್ನು ಲೆಕ್ಕಹಾಕಿ, ಅಳೆದ ಗೆರೆಯ ಜೊತೆ ಹೋಲಿಸಿ ತಿದ್ದುತ್ತಾ ಹೋಗುತ್ತಾರೆ. 1971ರಲ್ಲಿ ಬಂದ ವಿಲ್ಸನ್–ಡೆವಿನ್ನಿ ಕ್ರಮವಿಧಿ ಇಂದಿಗೂ ಈ ಕೆಲಸದ ಬೆನ್ನೆಲುಬು. ಸೊಗಸಿರುವುದು ಸೂಕ್ಷ್ಮಗಳಲ್ಲಿ. ತಾರೆಯ ಬಿಲ್ಲೆ ನಡುವೆ ಪ್ರಖರ, ಅಂಚಿನಲ್ಲಿ ಮಂಕು. ಇದನ್ನು ಬಿಟ್ಟರೆ ತಗ್ಗಿನ ಇಳಿಜಾರು ಕೂಡುವುದಿಲ್ಲ. ಸಣ್ಣ ತಗ್ಗು ಹತ್ತಿರವಾದಂತೆ ಗೆರೆ ತುಸು ಮೇಲೇರುತ್ತದೆ, ಬಿಸಿ ತಾರೆಯ ಬೆಳಕು ಬಿದ್ದ ತಂಪು ತಾರೆಯ ಮುಖ ನಮ್ಮತ್ತ ತಿರುಗುತ್ತಿರುವುದರಿಂದ. ಜೋಡಿಯನ್ನು ಸುತ್ತುವ ಮೂರನೆಯ ತಾರೆಯೂ ಇದೆ. ಅದರ ಬೆಳಕನ್ನು ಕಳೆಯಲು ಮರೆತರೆ ತಗ್ಗುಗಳು ಇರುವುದಕ್ಕಿಂತ ಆಳ ಕಡಿಮೆಯೆನಿಸಿ ಲೆಕ್ಕವೆಲ್ಲ ಕೆಡುತ್ತದೆ.

ಗೆರೆ ಕೂಡಿತೆಂದು ಮಾದರಿಯನ್ನು ನಂಬಿಬಿಡಬಾರದು. ಗಾತ್ರ ಹಿಗ್ಗಿಸಿ ಓರೆ ಬದಲಿಸಿದರೂ ಹೆಚ್ಚುಕಡಿಮೆ ಅದೇ ಗೆರೆ ಬಂದೀತು. ಅಲ್ಲದೆ ಬೆಳಕೊಂದೇ ಕೊಡುವುದು ಅನುಪಾತವನ್ನು. ಕಿಲೋಮೀಟರಿನ ಲೆಕ್ಕಕ್ಕೆ ರೋಹಿತದಿಂದ ವೇಗ ತಿಳಿಯಲೇಬೇಕು. 1889ರಲ್ಲಿ ಜರ್ಮನಿಯ ಫೋಗೆಲ್ ಆ ವೇಗ ಅಳೆದ ಮೇಲೆಯೇ ಆಲ್ಗಾಲ್ ಜೋಡಿಯೆಂಬುದು ಖಚಿತವಾದದ್ದು.

ಡಿಸೆಂಬರ್ ನಡುವೆ ರಾತ್ರಿ ಒಂಬತ್ತರ ಹೊತ್ತಿಗೆ ಆಲ್ಗಾಲ್ ಉತ್ತರದಲ್ಲಿ ಎತ್ತರದಲ್ಲಿರುತ್ತದೆ. ಪಕ್ಕದ ದ್ರೌಪದಿ ಪುಂಜದ ತುದಿಯ ಪ್ರಖರ ತಾರೆಯೊಂದಿಗೆ ಹೋಲಿಸಿ ನೋಡಿ. ಎಂದಿನ ದಿನ ಎರಡೂ ಸರಿಸಮ. ಅದಕ್ಕಿಂತ ತೀರ ಮಂಕಾಗಿ ಕಂಡರೆ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.