ಗಲ್ಲಾದ ಮುಂದಿನ ಕನ್ನಡ, ಪರದೆಯ ಮೇಲಿನ ಕನ್ನಡ: ಸೊಲ್ಲಾಪುರದ ಚಾದರ ಅಂಗಡಿಯೊಂದರ ಜಾಲತಾಣದ ವಿಮರ್ಶೆ

 

ಗಡಿನಾಡ ಕನ್ನಡ ಅಂದಕೂಡಲೇ ನಾವು ಶಾಸನ, ಶಾಲೆ, ಪತ್ರಿಕೆ, ಮಹಾಜನ ವರದಿ ಇವುಗಳ ಕಡೆ ತಿರುಗುತ್ತೇವೆ. ಅದು ಆಗಲೇಬೇಕಾದ ಕೆಲಸ. ಆದರೆ ನಮ್ಮ ಭಾಗದಲ್ಲಿ ಕನ್ನಡ ಇಷ್ಟು ದಿನ ಉಳಿದಿರೋದಕ್ಕೆ ಕೊಡು-ಕೊಳ್ಳುವ ವ್ಯವಹಾರವೂ ಒಂದು ಕಾರಣ. ಸೊಲ್ಲಾಪುರದ ಬಟ್ಟೆ ಅಂಗಡಿಗೆ ಹೋಗಿ ನೋಡಿ. ಗಲ್ಲಾದ ಹಿಂದೆ ಕೂತವರು ಗಿರಾಕಿ ಬಾಗಿಲು ದಾಟುವಾಗ ಆಡಿದ ಮೊದಲ ಮಾತು ಕೇಳಿ, ಅದೇ ಭಾಷೆಯಲ್ಲಿ ಉತ್ತರ ಕೊಡ್ತಾರೆ. ಮರಾಠಿ, ಕನ್ನಡ, ತೆಲುಗು, ಹಿಂದಿ ಯಾವುದಾದರೂ ಸರಿ. "ನೀವು ಯಾವ ರಾಜ್ಯದವರು?" ಅಂತ ಯಾರೂ ಕೇಳೋದಿಲ್ಲ. ಅದೇ ಅಂಗಡಿ ಜಾಲತಾಣವಾದಾಗ ಮೊದಲು ಕೇಳುವ ಪ್ರಶ್ನೆಯೇ ಅದು. ನನ್ನ ಇವತ್ತಿನ ವಾದ ಇಲ್ಲಿಂದ ಶುರುವಾಗುತ್ತದೆ.

ನಾನು ನೋಡಿದ್ದು ಚಾದರ, ಟುವಾಲು ಮಾರುವ ಒಂದು ಅಂಗಡಿಯ ತಾಣ. ಹೆಸರು ಹೇಳೋದಿಲ್ಲ, ಹೇಳುವ ಅಗತ್ಯವೂ ಇಲ್ಲ, ಯಾಕಂದರೆ ಇಂಥ ತಪ್ಪು ಒಬ್ಬರದಲ್ಲ. ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ದೂರದೂರದಿಂದ ಬೇಡಿಕೆ ಇದೆ. ಮಾಲು ಒಳ್ಳೆಯದು, ಅಂಗಡಿಯವರೂ ಸಜ್ಜನರು. ಅಕ್ಕಲಕೋಟ ತಾಲೂಕಿನಲ್ಲಿರುವ ನನ್ನ ಚಿಗವ್ವ ಮಗಳ ಮನೆಯ ಕಾರ್ಯಕ್ಕೆ ಆರು ಚಾದರ ಕೊಡಬೇಕಿತ್ತು. ಮೊಣಕಾಲು ನೋವು, ಬಸ್ಸು ಹತ್ತಲು ಆಗದು. ಫೋನಿನಲ್ಲೇ ತರಿಸೋಣ ಅಂತ ಕೂತರು. ನಾನು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿದೆ.

ಮೊದಲ ಪುಟ ತೆರೆಯುತ್ತಿದ್ದಂತೆ ಒಂದರ ಹಿಂದೆ ಒಂದು ದೊಡ್ಡ ಚಿತ್ರಗಳು ಸರಿಯತೊಡಗಿದವು: ಮಗ್ಗ, ಮಾಲೀಕರ ಅಜ್ಜ, ಹಬ್ಬದ ರಿಯಾಯಿತಿ. ರಿಯಾಯಿತಿ ಏನೆಂದು ಓದುವಷ್ಟರಲ್ಲಿ ಅಜ್ಜ ಮತ್ತೆ ಬಂದರು. ಮೇಲ್ತುದಿಯಲ್ಲಿ ಕರ್ನಾಟಕದ ನಕಾಶೆಯ ಗುರುತು ಇರುವ ಗುಂಡಿ, ಅದೇ ಕನ್ನಡ. ಚಿಗವ್ವ ಏಳನೇ ಇಯತ್ತೆವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಆದರೂ ಆ ಗುಂಡಿ ಒತ್ತಲಿಲ್ಲ. "ಅದು ಕರ್ನಾಟಕದ ಮಂದಿಗೆ ಅದ ತಮ್ಮಾ" ಅಂದರು. ನಾನು ಹೇಳಿದ ಮೇಲೆ ಒತ್ತಿದರು.

ಪುಟ ಕನ್ನಡವಾಯಿತು, ಅಂದರೆ ಅಕ್ಷರ ಕನ್ನಡವಾಯಿತು. ಮೊದಲ ಪುಟಕ್ಕೆ "ಮನೆ" ಅಂತ ಬರೆದಿತ್ತು. ಚಾದರದ ಚಿತ್ರದ ಕೆಳಗೆ "ಬಂಡಿಗೆ ಸೇರಿಸಿ". ಚಿಗವ್ವ ನಕ್ಕು, "ಆರು ಚಾದರಕ್ಕ ಬಂಡಿ ಯಾಕೋ?" ಅಂದರು. ಆಮೇಲೆ ಅವರು ಕೇಳಿದ್ದು ಎರಡೇ ಪ್ರಶ್ನೆ. "ಇದು ಇಬ್ಬರು ಹೊದ್ಕೊಳ್ಳಾಕ ಆಗ್ತದೇನು?" "ರೊಕ್ಕ ಈಗೇ ಕೊಡಬೇಕೋ, ಮಾಲ ಬಂದ ಮ್ಯಾಲೋ?" ಗಲ್ಲಾದ ಮುಂದೆ ಯಾರೇ ಕೇಳುವ ಪ್ರಶ್ನೆಗಳಿವು. ತಾಣದಲ್ಲಿ ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ಇಂಚಿನ ಲೆಕ್ಕವಿತ್ತು. ಎರಡನೆಯದಕ್ಕೆ ಉತ್ತರ ಸಿಗಬೇಕಾದರೆ ವಿಳಾಸ ತುಂಬಿ ಕೊನೇ ಪುಟದವರೆಗೆ ಹೋಗಬೇಕಿತ್ತು.

ವಿಳಾಸದ ಹತ್ತಿರ ಕೆಲಸ ಪೂರ್ತಿ ಕೆಟ್ಟಿತು. ಕನ್ನಡ ಆರಿಸಿದ್ದರಿಂದ ರಾಜ್ಯದ ಜಾಗದಲ್ಲಿ "ಕರ್ನಾಟಕ" ತಾನಾಗಿ ಬಂದು ಕೂತಿತ್ತು. ಅವರು ಅಕ್ಕಲಕೋಟದ 413216 ಪಿನ್‌ಕೋಡ್ ಬರೆದರು. ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು ಬಂತು, ಬರೆದಿದ್ದೆಲ್ಲ ಅಳಿಸಿಹೋಯಿತು. ಮತ್ತೆ ಬರೆದರು, ಮತ್ತೆ ಅಳಿಸಿತು. ಮೊಮ್ಮಗನನ್ನು ಕರೆದರು. ಅವನು ಮರಾಠಿ ಶಾಲೆಯ ಹುಡುಗ. ಮನೆಯಲ್ಲಿ ಆಡೋದು ಕನ್ನಡ, ಓದೋದು ಮರಾಠಿ. ಕನ್ನಡ ಪುಟ ಅವನಿಗೆ ಓದಲು ಬರದು. ಮರಾಠಿ ಗುಂಡಿ ಒತ್ತಿದ. ಪುಟ ಮಹಾರಾಷ್ಟ್ರವಾಯಿತು, ಆರಿಸಿಟ್ಟ ಆರೂ ಚಾದರ ಮಾಯವಾದವು. ಚಿಗವ್ವ ಫೋನನ್ನು ಅವನ ಕೈಗಿಟ್ಟು, "ನೀನೇ ಏನರ ಮಾಡಪಾ, ನನಗ ತಿಳಿಯಂಗಿಲ್ಲ" ಅಂತ ಎದ್ದರು.

ಸಂತೆಯಲ್ಲಿ ಹತ್ತು ರೂಪಾಯಿಗೂ ವಾದ ಮಾಡಿ ಗೆಲ್ಲುವ ಹೆಂಗಸು "ನನಗ ತಿಳಿಯಂಗಿಲ್ಲ" ಅನ್ನುವ ಹಾಗೆ ಆಯಿತಲ್ಲ, ನನ್ನ ತಕರಾರು ಇರೋದು ಇದರ ಬಗ್ಗೆ. ತಿಳಿಯದೇ ಇದ್ದದ್ದು ತಾಣಕ್ಕೆ. ತಪ್ಪು ತನ್ನದೆಂದು ಒಪ್ಪಿಕೊಂಡದ್ದು ಅವರು.

ಈ ತಪ್ಪಿನ ಬೇರು ಎಲ್ಲಿದೆ? 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳ ಗಡಿ ಎಳೆದರು. ಗೆರೆಯ ಆಚೆ ಈಚೆ ಜನ ಉಳಿದರು. ತಾಣ ಕಟ್ಟುವವರು ಆ ಗೆರೆಯನ್ನೇ ಭಾಷೆಯ ಗೆರೆ ಅಂತ ತಿಳಿದು ಪರದೆಯ ಮೇಲೆ ಇನ್ನೊಮ್ಮೆ ಎಳೀತಾರೆ. ಗಿರಾಕಿ ಎಲ್ಲಿದ್ದಾರೆ, ಯಾವ ಭಾಷೆ ಓದುತ್ತಾರೆ, ಮಾಲು ಎಲ್ಲಿಗೆ ಹೋಗಬೇಕು ಇವು ಮೂರು ಬೇರೆ ಬೇರೆ ಪ್ರಶ್ನೆ. ಇವರು ಮೂರನ್ನೂ ಒಂದೇ ಗುಂಡಿಗೆ ಕಟ್ಟಿಹಾಕಿದರು. ಭಾಷೆಯ ಗುರುತಿಗೆ ದೇಶದ ಬಾವುಟ ಹಾಕಬೇಡಿ, ಆ ಭಾಷೆಯ ಹೆಸರನ್ನು ಅದರದೇ ಲಿಪಿಯಲ್ಲಿ ಬರೆಯಿರಿ ಅನ್ನೋದು ಜಾಲತಾಣದವರಲ್ಲಿ ಹಳೆಯ ತಿಳಿವಳಿಕೆ. ನಮ್ಮಲ್ಲಿ ಬಾವುಟದ ಬದಲು ರಾಜ್ಯದ ನಕಾಶೆ ಬಂದಿದೆ, ಅಷ್ಟೇ ವ್ಯತ್ಯಾಸ. "ಕನ್ನಡ" ಅಂತ ಮೂರು ಅಕ್ಷರ ಬರೆದಿದ್ದರೆ ಚಿಗವ್ವ ತಾವೇ ಒತ್ತುತ್ತಿದ್ದರು.

ಇಲ್ಲಿ ನಮ್ಮವರ ಒಂದು ನಂಬಿಕೆಯನ್ನೂ ವಿಮರ್ಶೆ ಮಾಡಬೇಕು. "ಕನ್ನಡ ಪುಟ ಕೊಟ್ಟರೆ ಮುಗೀತು" ಅಂತ ನಾವು ಒತ್ತಾಯ ಮಾಡ್ತೀವಿ. ಮುಗಿಯೋದಿಲ್ಲ. ಆ ಮೊಮ್ಮಗನಂಥವರು ಸೊಲ್ಲಾಪುರ, ಜತ್ತ ಕಡೆ ಬಹಳ ಮಂದಿ ಇದ್ದಾರೆ. ತಾಳವಾಡಿ, ಹೊಸೂರು ಕಡೆ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳು ಕಲಿತವರಿದ್ದಾರೆ. ಕಾಸರಗೋಡಿನಲ್ಲಿ ಇದು ಇನ್ನೊಂದು ಥರ: ಕನ್ನಡ ಶಾಲೆಯಲ್ಲಿ ಓದಿ ಮನೆಯಲ್ಲಿ ತುಳು ಆಡುವವರಿದ್ದಾರೆ. ಹಾಗಾಗಿ ಓದುವ ಭಾಷೆ ಒಂದು, ಮಾತಿನ ಭಾಷೆ ಒಂದು ಅಂತ ತಾಣ ಒಪ್ಪಿಕೊಳ್ಳಬೇಕು. ಪುಟವನ್ನು ಮರಾಠಿಯಲ್ಲಿ ಓದುವವರಿಗೂ "ಕನ್ನಡದಲ್ಲಿ ಮಾತಾಡಿ" ಅನ್ನುವ ಫೋನ್ ಗುಂಡಿ ಕಾಣಬೇಕು. ಅಳತೆ, ಬೆಲೆ ಹೇಳುವ ಅರ್ಧ ನಿಮಿಷದ ಧ್ವನಿ ತುಣುಕು ಇದ್ದರೆ ಲಿಪಿಯ ಹಂಗೇ ಇಲ್ಲ. ಗಲ್ಲಾದ ಹಿಂದೆ ಕನ್ನಡ ಬಲ್ಲವರು ದಿನವೂ ಕೂತಿರ್ತಾರೆ, ಆ ಧ್ವನಿಗೆ ಬೇರೆ ಖರ್ಚಿಲ್ಲ.

ಅಂಗಡಿಯವರ ಮಾತನ್ನೂ ನಾನು ಕೇಳಿದೆ. "ನಮ್ಮ ಕಡೆ ಮಂದಿಗೆ ಮರಾಠಿ ಬರ್ತದರೀ. ಕನ್ನಡದಾಗ ಎಷ್ಟ ಜನ ಆರ್ಡರ್ ಮಾಡ್ತಾರ?" ಇದರಲ್ಲಿ ಸತ್ಯಾಂಶ ಇದೆ, ತಳ್ಳಿಹಾಕುವಂತಿಲ್ಲ. ಆದರೆ ಬಾಗಿಲು ಅರ್ಧ ಮುಚ್ಚಿಟ್ಟು ಒಳಗೆ ಬಂದವರ ಲೆಕ್ಕ ತೆಗೆದರೆ ಅದು ಸರಿಯಾದ ಲೆಕ್ಕ ಆಗೋದಿಲ್ಲ. ಅದಕ್ಕಿಂತ ದೊಡ್ಡ ಮಾತು ಅಂದರೆ, ಅವತ್ತು ಚಿಗವ್ವನನ್ನು ಎಬ್ಬಿಸಿದ ತೊಡಕುಗಳಲ್ಲಿ ಹೆಚ್ಚಿನವು ಮರಾಠಿ ಗಿರಾಕಿಗೂ ತೊಡಕೇ.

ಒಂದೊಂದಾಗಿ ಹೇಳ್ತೀನಿ. ಸರಿಯುವ ಚಿತ್ರ ತೆಗೆದು ಆ ಜಾಗದಲ್ಲಿ ಮಾಲು, ಬೆಲೆ, ಫೋನ್ ನಂಬರು ಹಾಕಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್ ಇಟ್ಟಿರುವ ಅಳತೆ. ಭಾರದ ಚಿತ್ರಗಳು ಹಳ್ಳಿಯ ಸಿಗ್ನಲ್ಲಿನಲ್ಲಿ ಅದಕ್ಕೆ ಬಿಡೋದಿಲ್ಲ. ರಿಯಾಯಿತಿಯನ್ನು ಚಿತ್ರದೊಳಗೆ ಬರೆದರೆ ಹುಡುಕಿದಾಗ ಸಿಗೋದು ಕಷ್ಟ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳೋದೂ ಕಷ್ಟ. ಅದನ್ನು ಯೂನಿಕೋಡ್ ಅಕ್ಷರದಲ್ಲೇ ಬರೆಯಬೇಕು. ಬಿಳಿ ಮೇಲೆ ತೆಳು ಬೂದು ಅಕ್ಷರ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರಷ್ಟಾದರೂ ಅಂತರ ಇರಬೇಕು, ಒತ್ತುವ ಗುಂಡಿ 24 ಪಿಕ್ಸೆಲ್‌ಗಿಂತ ಚಿಕ್ಕದಿರಬಾರದು ಅಂತ ಜಾಲತಾಣಗಳ ಸುಗಮ್ಯತೆಯ ಮಾರ್ಗಸೂಚಿ ಹೇಳುತ್ತದೆ. ಕನ್ನಡಕ್ಕೆ ಇನ್ನೊಂದು ಮಾತು ಸೇರಿಸಬೇಕು: ಒತ್ತಕ್ಷರ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಅದು ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ.

ವಿಳಾಸದಲ್ಲಿ ಮೊದಲು ಪಿನ್‌ಕೋಡ್ ಕೇಳಿ. ಅದರಿಂದ ಜಿಲ್ಲೆ, ರಾಜ್ಯ ತಾನಾಗಿ ತುಂಬಿಕೊಳ್ಳಲಿ, ತಪ್ಪಿದ್ದರೆ ತಿದ್ದಲು ಬಿಡಿ. ಏನೇ ತಪ್ಪಾದರೂ ಬರೆದದ್ದನ್ನು ಅಳಿಸಬೇಡಿ. ಯಾವ ಜಾಗದಲ್ಲಿ ಏನು ತಪ್ಪಾಯಿತು ಅಂತ ಓದುತ್ತಿರುವ ಭಾಷೆಯಲ್ಲೇ ಹೇಳಿ. ಭಾಷೆ ಬದಲಿಸಿದರೆ ಆರಿಸಿದ ಮಾಲು ಹಾಗೇ ಇರಲಿ.

ಇನ್ನು ಪದಗಳು. ಜಾಲತಾಣ ಬಳಸುವವರ ಮಾತಿನಲ್ಲೇ ಮಾತಾಡಬೇಕು ಅನ್ನೋದು ಯಾಕೋಬ್ ನೀಲ್ಸನ್ 1994ರಲ್ಲಿ ಪಟ್ಟಿ ಮಾಡಿದ ಹತ್ತು ಸೂತ್ರಗಳಲ್ಲಿ ಒಂದು. "ಬಂಡಿ" ಬೇಡ, "ಆರಿಸಿದ ಮಾಲು" ಸಾಕು. "ಏಕ ಹಾಸಿಗೆ" ಬೇಡ, "ಒಬ್ಬರಿಗೆ", "ಇಬ್ಬರಿಗೆ" ಅಂತ ಬರೆದು ಪಕ್ಕದಲ್ಲಿ ಅಳತೆ ಕೊಡಿ. ಚಾದರ ಹೊದ್ದು ಕೂತವರ ಒಂದು ಫೋಟೋ ಹಾಕಿದರೆ ಅರ್ಧ ಪ್ರಶ್ನೆ ಅಲ್ಲೇ ತೀರುತ್ತದೆ. "ರೊಕ್ಕ ಮಾಲು ಬಂದ ಮೇಲೆ ಕೊಡಬಹುದು" ಅನ್ನೋದು ಬೆಲೆಯ ಪಕ್ಕದಲ್ಲೇ ಇರಲಿ, ಸಾಗಣೆ ಖರ್ಚೂ ಅಲ್ಲೇ ಇರಲಿ. ಈ ಪದಗಳನ್ನು ಬೆಂಗಳೂರಿನಿಂದ ಬರೆಸಬೇಕಾಗಿಲ್ಲ, ಯಂತ್ರದಿಂದ ಅನುವಾದಿಸಬೇಕಾಗಿಯೂ ಇಲ್ಲ. ಗಲ್ಲಾದ ಮುಂದೆ ಒಂದು ವಾರ ಕೂತು ಬರೆದುಕೊಂಡರೆ ಸಾಕು.

ಪರೀಕ್ಷೆಗೆ ಐದು ಜನ ಸಾಕು ಅಂತ ಇದೇ ನೀಲ್ಸನ್ 2000ರಲ್ಲಿ ಬರೆದರು. ನಮ್ಮ ಕಡೆ ಆ ಐದು ಜನರನ್ನು ಆರಿಸೋದರಲ್ಲೇ ಎಲ್ಲಾ ಇದೆ. ಕನ್ನಡ ಓದುವವರೊಬ್ಬರು, ಕನ್ನಡ ಆಡಿ ಮರಾಠಿ ಓದುವವರೊಬ್ಬರು, ತೆಲುಗಿನವರೊಬ್ಬರು, ಕಣ್ಣು ಮಂಜಾದವರೊಬ್ಬರು, ಮೊದಲ ಸಲ ಫೋನಿನಲ್ಲಿ ಕೊಳ್ಳುವವರೊಬ್ಬರು ಇರಲಿ. ಅವರ ಕೈಗೆ ಫೋನು ಕೊಟ್ಟು ಮಾಲೀಕರು ಸುಮ್ಮನೆ ಕೂತು ನೋಡಬೇಕು. ಸುಮ್ಮನೆ ಕೂಡೋದು ಭಾಳ ಕಷ್ಟ, ನನಗೇ ಆಗಲಿಲ್ಲ.

ಚಿಗವ್ವನ ಚಾದರ ಬಂದವು. ಮೊಮ್ಮಗ ಆರ್ಡರ್ ಮಾಡಿದ್ದು, ಆರೂ ಒಬ್ಬರು ಹೊದೆಯುವ ಅಳತೆಯವು. ಅವರು ಕವರಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಆ ಕಡೆಯಿಂದ ಕನ್ನಡದಲ್ಲೇ "ಹೇಳ್ರಿ ಅವ್ವಾರ" ಅಂದರಂತೆ. ಎರಡೇ ನಿಮಿಷದಲ್ಲಿ ಬದಲಿಸಿ ಕಳಿಸುವ ಮಾತು ಮುಗಿಯಿತು. ಆ ನಂಬರು ತಾಣದ ಮೊದಲ ಪುಟದಲ್ಲಿ ಇರಲಿಲ್ಲ.

ಹೊಸೂರಿನವರು, ಕಾಸರಗೋಡಿನವರು, ಆದವಾನಿ ಕಡೆಯವರು ಇವತ್ತು ಸೇರಿದ್ದೀರಿ. ನಿಮ್ಮ ಊರಿನ ಅಂಗಡಿಯಲ್ಲಿ ಗಿರಾಕಿಗಳು ಅಳತೆ, ಬೆಲೆ, ಉದ್ರಿ ಇವಕ್ಕೆ ಏನು ಮಾತು ಬಳಸ್ತಾರೆ ಅಂತ ಚರ್ಚೆಯಲ್ಲಿ ಹೇಳಿದರೆ ನಾನು ಬರೆದುಕೊಳ್ತೀನಿ.