ಅಣೆಕಟ್ಟಿನ ಇನ್ನೊಂದು ಬದಿ

ನಾ. ಡಿಸೋಜ ಅವರ ‘ದ್ವೀಪ’ವನ್ನು ನಾವು ಮುಳುಗಡೆಯ ಕಾದಂಬರಿಯೆಂದೇ ಓದುತ್ತ ಬಂದಿದ್ದೇವೆ. 1964ರಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಹಿನ್ನೀರು ಹೊಸನಗರದ ಊರುಗಳನ್ನೂ ನುಂಗಿತು. ಕಾದಂಬರಿ ಆ ನೀರಿನ ನಡುವೆ ಉಳಿದುಹೋದ ಒಂದು ಸಂಸಾರದ ಸುತ್ತ ಸುತ್ತುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿ 2002ರಲ್ಲಿ ಅದನ್ನು ಸಿನಿಮಾ ಮಾಡಿದಾಗಲೂ ಕ್ಯಾಮೆರಾ ನೆಟ್ಟಿದ್ದು ನಾಗಿ, ಗಣಪ, ದುಗ್ಗಜ್ಜ ಮತ್ತು ಏರುವ ನೀರಿನ ಮೇಲೆ.

ಈ ಬಿಗಿಯೇ ಕೃತಿಯ ಶಕ್ತಿ. ಆದರೂ ಚೌಕಟ್ಟಿನ ಹೊರಗೆ ಉಳಿದವರು ನನ್ನನ್ನು ಕಾಡುತ್ತಾರೆ: ಆ ಒಡ್ಡಿಗೆ ಕಲ್ಲು ಹೊತ್ತ, ಮಣ್ಣು ಸುರಿದ ಕೂಲಿಗಳು. ಗಣಪನಿಗೆ ಕಳೆದುಕೊಳ್ಳಲು ಮನೆಯಿದೆ, ಪರಿಹಾರ ಸಾಲದು ಎನ್ನಲು ಒಂದು ಲೆಕ್ಕವಿದೆ. ಕೂಲಿಯವನ ಗುಡಿಸಲು ಕೆಲಸ ಮುಗಿದೊಡನೆ ಕಿತ್ತುಹೋಗುತ್ತದೆ. ಅದನ್ನು ಯಾರೂ ಮುಳುಗಡೆ ಎನ್ನುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದವರು ಕತೆಯಲ್ಲೂ ದೂರದ ಸದ್ದಾಗಿಬಿಡುತ್ತಾರೆ.

ಇದು ಡಿಸೋಜರ ಮೇಲಿನ ದೂರಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಅವರು ತಾವು ಹತ್ತಿರದಿಂದ ಕಂಡ ಒಂದು ಬದಿಯನ್ನು ನಿಷ್ಠೆಯಿಂದ ಬರೆದುಕೊಟ್ಟರು. ಬೆಂಗಳೂರಿನ ಮೆಟ್ರೋ ಕಾಮಗಾರಿಯ ಪಕ್ಕದ ತಗಡಿನ ಶೆಡ್ಡುಗಳನ್ನು ಕಂಡಾಗಲೆಲ್ಲ, ಇನ್ನೊಂದು ಬದಿಯ ಕಾದಂಬರಿ ನಮ್ಮಲ್ಲಿ ಬಾಕಿಯಿದೆ ಅನ್ನಿಸುತ್ತದೆ.