ಮೈಕಿನ ಕೆಳಗೆ ನಿಂತ ಸಂಗ್ಯಾ

ನವಲಗುಂದ ತಾಲೂಕಿನ ಒಂದು ಊರಿನಲ್ಲಿ ಜಾತ್ರೆಯ ರಾತ್ರಿ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನೋಡಿದೆ. ನವಲಗುಂದದ ಮುಸ್ಲಿಂ ಹೆಣ್ಣುಮಕ್ಕಳು ನೇಯುವ ಜಮಖಾನೆಗೆ ದೇಶದಲ್ಲೆಲ್ಲ ಹೆಸರಿದೆ. ಆದರೆ ನಾವು ಕುಳಿತದ್ದು ಗೊಬ್ಬರದ ಚೀಲ ಹೊಲಿದು ಮಾಡಿದ ತಾಡಪತ್ರಿಯ ಮೇಲೆ. ಈ ಆಟವನ್ನು ಹಿಂದೆಯೂ ನೋಡಿದ್ದೆ. ಈ ಸಲ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಸಂಗತಿ. ರಂಗದ ಮುಂಭಾಗದಲ್ಲಿ ಮೇಲಿನಿಂದ ಮೂರು ಮೈಕುಗಳನ್ನು ಇಳಿಬಿಟ್ಟಿದ್ದರು. ಗಂಗಿಯನ್ನು ಕಂಡು ಮರುಳಾಗಬೇಕಾದ ಸಂಗ್ಯಾ, ಮರುಳಾಗುವ ಮುನ್ನ ಎರಡು ಹೆಜ್ಜೆ ನಡೆದು ಮೈಕಿನ ಕೆಳಗೆ ಬಂದು ನಿಲ್ಲುತ್ತಿದ್ದ. ಅವಳ ಕಡೆಗೆ ನೋಡಿದರೆ ದನಿ ಮೈಕಿಗೆ ಸಿಕ್ಕುವುದಿಲ್ಲ. ಹಾಗಾಗಿ ಅವನು ಮೋಹಿಸಿದ್ದು ಗಂಗಿಯನ್ನಲ್ಲ, ನಮ್ಮ ಹಿಂದಿದ್ದ ಚಹಾದಂಗಡಿಯನ್ನು ಎನ್ನುವಂತಿತ್ತು.

ಹಾಡು ಚೆನ್ನಾಗಿತ್ತು, ಆಟ ಸತ್ತಿತ್ತು. ಇವೆರಡೂ ಬೇರೆ ಬೇರೆ ಎಂದು ನಾವು ಯಾವಾಗಿನಿಂದ ತಿಳಿಯತೊಡಗಿದೆವು ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿತು.

ಯುರೋಪಿನವರು ಒಪೆರಾ ಎಂದು ಕರೆಯುವ ಕಲೆಯ ಹುಟ್ಟಿನಲ್ಲೇ ಈ ಪ್ರಶ್ನೆಯಿದೆ. 1600ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸಿನ ಕೆಲವು ವಿದ್ವಾಂಸರು, ಸಂಗೀತಗಾರರು ಪ್ರಾಚೀನ ಗ್ರೀಕ್ ನಾಟಕವನ್ನು ಹಾಡಿನಲ್ಲೇ ಆಡುತ್ತಿದ್ದರೆಂದು ನಂಬಿ, ಮಾತನ್ನೇ ಸ್ವರಕ್ಕೆ ಏರಿಸಲು ಹೊರಟರು. 1607ರಲ್ಲಿ ಮಾಂಟೆವೆರ್ಡಿ ‘ಓರ್ಫಿಯೊ’ ರಚಿಸಿದ. ಅಲ್ಲಿ ಹಾಡು ಕತೆಯ ನಡುವೆ ಬರುವ ವಿಶ್ರಾಂತಿಯಲ್ಲ, ಕತೆ ನಡೆಯುವುದೇ ಹಾಡಿನೊಳಗೆ. ಕನ್ನಡದಲ್ಲಿ ಪು.ತಿ.ನ., ಶಿವರಾಮ ಕಾರಂತರು ಗೀತನಾಟಕಗಳನ್ನು ಬರೆದಾಗ ಒಪೆರಾ ನಮ್ಮಲ್ಲಿಗೂ ಬಂತು ಎಂದವರಿದ್ದಾರೆ. ಮಲಪ್ರಭೆಯ ಸೀಮೆಯಲ್ಲಿ ಅದು ಆಗಲೇ ಬಯಲಲ್ಲಿ ನಿಂತಿತ್ತು.

ಹೋಲಿಕೆ ಬಾಯಿಮಾತಿನದಲ್ಲ. 1890ರಲ್ಲಿ ರೋಮಿನಲ್ಲಿ ಮಸ್ಕಾನಿಯ ‘ಕವಲ್ಲೇರಿಯಾ ರುಸ್ತಿಕಾನಾ’ ಎಂಬ ಒಂದಂಕದ ಒಪೆರಾ ರಂಗವೇರಿತು. ಅದರಲ್ಲಿ ರಾಜರಾಣಿಯರಿಲ್ಲ. ಸಿಸಿಲಿಯ ಒಂದು ಹಳ್ಳಿ, ಊರೂರು ತಿರುಗುವ ಗಾಡಿ ಹೊಡೆಯುವವ, ಅವನ ಹೆಂಡತಿಯ ಮೇಲೆ ಕಣ್ಣಿಟ್ಟ ಯುವಕ, ಕೊನೆಗೆ ಕೊಲೆ. ಬೈಲಹೊಂಗಲದ ಕಡೆ ನಡೆಯಿತೆನ್ನುವ ಒಂದು ಘಟನೆಯನ್ನು ಪತ್ತಾರ ಮಾಸ್ತರರು ಆಟವಾಗಿಸಿದ ‘ಸಂಗ್ಯಾ ಬಾಳ್ಯಾ’ದಲ್ಲೂ ಇರುವುದು ಇದೇ. ವ್ಯಾಪಾರಕ್ಕೆ ಊರು ಬಿಟ್ಟು ಹೋಗುವ ಈರ್‍ಯಾ, ಮನೆಯಲ್ಲುಳಿದ ಗಂಗಿ, ಶ್ರೀಮಂತ ಹುಡುಗ ಸಂಗ್ಯಾ. ಆದರೆ ಸಿಸಿಲಿಯಲ್ಲಿ ಗುಟ್ಟು ಒಡೆಯುವವಳು ಅಸೂಯೆಯಿಂದ ಬೆಂದ ಪ್ರೇಯಸಿ. ನಮ್ಮಲ್ಲಿ ಸಾವಿನ ಬಾಗಿಲಿಗೆ ಕರೆದೊಯ್ಯುವವನು ಜೀವದ ಗೆಳೆಯ ಬಾಳ್ಯಾ. ಆಟದ ಹೆಸರಲ್ಲಿ ಗಂಗಿ ಇಲ್ಲದಿರುವುದು ಸುಮ್ಮನೆ ಅಲ್ಲ. ಇದು ಹಾದರದ ಕತೆಗಿಂತ ಹೆಚ್ಚಾಗಿ ಗೆಳೆತನ ಮುರಿದ ಕತೆ. ಸಣ್ಣಾಟದ ಧಾಟಿಯಲ್ಲಿ ಇಬ್ಬರು ಒಂದೇ ಮಟ್ಟನ್ನು ಹಂಚಿಕೊಂಡು, ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಎತ್ತಿಕೊಂಡು ಹಾಡುತ್ತ ಬರುತ್ತಾರೆ. ಆ ಎತ್ತುಗಡೆ ಎಲ್ಲಿ ತಡವರಿಸುತ್ತದೋ ಅಲ್ಲಿ ಗೆಳೆತನ ಬಿರುಕು ಬಿಟ್ಟಿದೆ ಎಂದು ಕೇಳುವವನಿಗೆ ತಿಳಿಯಬೇಕು. ಒಬ್ಬರ ಮುಖ ಒಬ್ಬರು ನೋಡದೆ ಮೈಕಿನ ಕೆಳಗೆ ಸಾಲಾಗಿ ನಿಂತವರಲ್ಲಿ ಅದು ತಿಳಿಯುವುದಾದರೂ ಹೇಗೆ?

ಈಗ ಹುಬ್ಬಳ್ಳಿ ದಾಟಿ ಕುಂದಗೋಳಕ್ಕೆ ಬರಬೇಕು. ಹಾಡು ಮತ್ತು ಆಟವನ್ನು ಬೇರೆ ಮಾಡಿದ ನಮ್ಮ ಅಭ್ಯಾಸದ ಕತೆ ಅಲ್ಲಿದೆ. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿನಲ್ಲಿ 1886ರಲ್ಲಿ ಹುಟ್ಟಿದ ರಾಮಭಾವು, ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯನಾದರು. ಉತ್ತರದ ಕೈರಾನಾದಿಂದ ಬಂದ ಖಾನ್ ಸಾಹೇಬರು ಬ್ರಾಹ್ಮಣ ಹುಡುಗನಿಗೆ ವರ್ಷಗಟ್ಟಲೆ ಕಲಿಸಿದರು. ಶಿಷ್ಯ ಕಲಿತ ಮೇಲೆ ಗುರುವಿಗೆ ಇಷ್ಟವಿಲ್ಲದಿದ್ದರೂ ಮರಾಠಿ ನಾಟಕ ಕಂಪನಿ ಸೇರಿದರು. ಸೀರೆಯುಟ್ಟು ಸ್ತ್ರೀಪಾತ್ರ ಮಾಡಿ ಹಾಡಿದರು. ಆಗ ಮಹಾರಾಷ್ಟ್ರವನ್ನು ಮರುಳು ಮಾಡಿದ್ದವರು ಬಾಲಗಂಧರ್ವರು. ಅವರಿಗಿಂತ ಕಾಲು ಪಾಲು ಹೆಚ್ಚು ಎಂಬಂತೆ ರಾಮಭಾವು ‘ಸವಾಯಿ ಗಂಧರ್ವ’ ಎನಿಸಿಕೊಂಡರು.

ಇಂದು ಆ ಹೆಸರು ಹೇಳಿದರೆ ನಮಗೆ ನೆನಪಾಗುವುದು ಏನು? ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದುದು, ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲಿ ನೀರು ಹೊತ್ತದ್ದು, ಪುಣೆಯ ಉತ್ಸವ, ಕುಂದಗೋಳದ ನಾಡಗೇರ ವಾಡೆಯ ಅಹೋರಾತ್ರಿ ಸಂಗೀತ. ಅವರು ರಂಗದ ಮೇಲೆ ಕಳೆದ ವರ್ಷಗಳನ್ನು, ದೊಡ್ಡ ಗವಾಯಿಯೊಬ್ಬ ತಾರುಣ್ಯದಲ್ಲಿ ದಾರಿ ತಪ್ಪಿ ಮರಳಿ ಬಂದ ಎನ್ನುವಂತೆ ಎರಡು ಸಾಲಿನಲ್ಲಿ ಮುಗಿಸುತ್ತೇವೆ. ವಿಚಿತ್ರವೆಂದರೆ ‘ಗಂಧರ್ವ’ ಎಂಬ ಆ ಬಿರುದೇ ರಂಗದ್ದು.

ನನಗೆ ಇದು ಉಲ್ಟಾ ಎನಿಸುತ್ತದೆ. ಮನ್ಸೂರಿನ ಮಲ್ಲಿಕಾರ್ಜುನರು ಹುಡುಗನಾಗಿ ಪ್ರಹ್ಲಾದ, ಧ್ರುವರ ಪಾತ್ರ ಮಾಡುತ್ತಿದ್ದಾಗಲೇ ನೀಲಕಂಠಬುವಾ ಅವರ ಕಿವಿಗೆ ಬಿದ್ದದ್ದು. ಕುಂದಗೋಳ ತಾಲೂಕಿನದೇ ಯಲಿವಾಳದ ಬಸವರಾಜ ರಾಜಗುರು ಕೂಡ ನಾಟಕ ಕಂಪನಿಯ ಅಂಗಳ ತುಳಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಅನ್ನ ಹಾಕಲು ನಾಟಕ ಕಂಪನಿಯನ್ನೇ ಕಟ್ಟಿ ನಡೆಸಿತು. ಇಷ್ಟೆಲ್ಲ ಕಂಠಗಳನ್ನು ಬೆಳೆಸಿದ ರಂಗ ಬರೀ ಹೊಟ್ಟೆಪಾಡಾಗಿತ್ತೆ? ಮೈಕಿಲ್ಲದ ತಗಡಿನ ಥಿಯೇಟರಿನಲ್ಲಿ ಕೊನೆಯ ಬೆಂಚಿನವನಿಗೂ ಅಕ್ಷರ ಬಿಡಿಸಿ ಮುಟ್ಟಿಸುವ ಶಿಕ್ಷಣ ಅದು. ಒಪೆರಾ ಹಾಡುಗಾರರು ದೊಡ್ಡ ವಾದ್ಯವೃಂದದ ಮೇಲೆ ಕಂಠವನ್ನು ತೇಲಿಸುವುದು ಕಿರುಚಿ ಅಲ್ಲ. ಗಂಟಲನ್ನು ಪಳಗಿಸಿ ಸುಮಾರು 3000 ಹರ್ಟ್ಸ್ ಸುತ್ತ ನಾದವನ್ನು ಗಟ್ಟಿಗೊಳಿಸುತ್ತಾರೆ, ವಾದ್ಯಗಳು ಅಲ್ಲಿ ಸಣ್ಣಗಿರುತ್ತವೆ. ನಮ್ಮ ಕಂಪನಿಯ ನಟರು ಲೆಕ್ಕ ಗೊತ್ತಿಲ್ಲದೆ ಅದೇ ಕಷ್ಟವನ್ನು ತಮ್ಮದೇ ದಾರಿಯಲ್ಲಿ ದಾಟಿದವರು.

ಸ್ತ್ರೀವೇಷದ ಬಗ್ಗೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಹೆಂಗಸರು ರಂಗವೇರಬಾರದೆಂದ ರೋಮಿನಲ್ಲಿ, ಹುಡುಗರ ಬೀಜ ಒಡೆದು ಕಂಠ ಉಳಿಸಿ ಅವರಿಂದ ನಾಯಕಿಯರ ಪಾತ್ರ ಮಾಡಿಸಿದರು. ಚೀನಾದ ಮೇ ಲಾನ್‌ಫಾಂಗ್ ಹೆಣ್ಣಿನ ಪಾತ್ರ ಮಾಡುತ್ತಲೇ ಜಗತ್ತು ಸುತ್ತಿದರು. 1935ರಲ್ಲಿ ಮಾಸ್ಕೋದಲ್ಲಿ ಅವರನ್ನು ನೋಡಿದ ಬ್ರೆಕ್ಟ್ ತನ್ನ ರಂಗವಿಚಾರವನ್ನೇ ಅದರಿಂದ ಹರಿತಗೊಳಿಸಿಕೊಂಡ. ಇನ್ನು ನಮ್ಮಲ್ಲಿ ಹೆಣ್ಣೇ ರಂಗಕ್ಕೆ ಬಂದಾಗ? ‘ಶ್ರೀಕೃಷ್ಣ ಪಾರಿಜಾತ’ವನ್ನು ಊರೂರಿಗೆ ಒಯ್ದ ಕೌಜಲಗಿ ನಿಂಗಮ್ಮನನ್ನು ಜನಪದ ಕಲಾವಿದೆ ಎಂಬ ಸಣ್ಣ ಕೋಣೆಯಲ್ಲಿ ಕೂರಿಸಿದೆವು. ಖಾನ್ ಸಾಹೇಬರ ಮಗಳು ಹೀರಾಬಾಯಿ ಬಡೋದೆಕರರೂ ನಾಟಕ ಆಡಿದರು. ಉಸ್ತಾದರಿಗೆ ಬೇಡವಾಗಿದ್ದ ರಂಗ ಅವರ ಶಿಷ್ಯನನ್ನೂ ಕರೆಯಿತು, ಮಗಳನ್ನೂ ಕರೆಯಿತು.

ಹಾಗೆಂದು ಸಂಗೀತ ನಾಟಕದಲ್ಲಿ ಎಲ್ಲವೂ ಸರಿಯಿತ್ತು ಎನ್ನಲಾರೆ. ಅದರ ಬೇರುಗಳು ಸೊಗಸಾಗಿವೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿಯಲ್ಲಿ ಆಟ ಕಟ್ಟಿದ್ದು ಉತ್ತರ ಕನ್ನಡದ ಯಕ್ಷಗಾನ ಮೇಳವನ್ನು ನೋಡಿ. 1880ರಲ್ಲಿ ‘ಶಾಕುಂತಲ’ವನ್ನು ಹಾಡಿಗೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಲಖನೌದ ಅಮಾನತ್ ಬರೆದ ಉರ್ದು ‘ಇಂದರ್ ಸಭಾ’ ಪಾರ್ಸಿ ಕಂಪನಿಗಳ ಮೂಲಕ ಇಡೀ ದೇಶದ ರಂಗಕ್ಕೆ ಹಾಡಿನ ರುಚಿ ಹತ್ತಿಸಿತ್ತು. ಕನ್ನಡ, ಮರಾಠಿ, ಉರ್ದು ಒಂದೇ ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡ ಕಾಲ. ಆದರೆ ‘ಒನ್ಸ್ ಮೋರ್’ ಕೂಗು ಬಿದ್ದರೆ ಅಳುತ್ತಿದ್ದ ನಾಯಕಿ ಎದ್ದು ಅದೇ ಪದವನ್ನು ಮತ್ತೆ ವಿಸ್ತರಿಸುತ್ತಿದ್ದಳು, ಕತೆ ಬಾಗಿಲ ಹೊರಗೆ ಕಾಯುತ್ತಿತ್ತು. ನಟ ಕೊನೆಗೆ ಗವಾಯಿಯಾಗಿ ಕಛೇರಿಗೆ ಹೊರಟುಹೋದದ್ದಕ್ಕೆ ಇದೂ ಒಂದು ಕಾರಣ. ಸಣ್ಣಾಟದಲ್ಲಿ ಹಾಡು ಇಷ್ಟು ಪಾಂಡಿತ್ಯದ್ದಲ್ಲ, ಮಟ್ಟುಗಳು ಬೆರಳೆಣಿಕೆಯವು. ಆದರೆ ಅಲ್ಲಿ ಹಾಡು ನಿಂತರೆ ಕತೆಯೂ ನಿಲ್ಲುತ್ತದೆ. ಒಪೆರಾದ ಆದರ್ಶಕ್ಕೆ ಹತ್ತಿರವಿರುವುದು ಇದು ಎಂಬುದು ನನ್ನ ಅಭಿಪ್ರಾಯ.

ಇರಾನಿನ ತಾಜಿಯಾ ನಾಟಕದಲ್ಲಿ ಒಂದು ಚೆಂದದ ಕಟ್ಟಳೆಯಿದೆ. ಕರ್ಬಲಾದ ಕತೆ ಆಡುವಾಗ ಹುಸೇನರ ಪಕ್ಷದವರು ಹಾಡುತ್ತಾರೆ, ಯಜೀದನ ಪಕ್ಷದವರು ಒರಟಾಗಿ ಮಾತಾಡುತ್ತಾರೆ. ಸ್ವರ ಯಾರ ಬಳಿ ಇದೆ ಎಂಬುದರಿಂದಲೇ ಸತ್ಯ ಯಾರ ಬಳಿ ಇದೆ ಎಂದು ತಿಳಿಯುತ್ತದೆ. ನಮ್ಮ ಸೀಮೆಯ ಮೊಹರಮ್ಮಿನಲ್ಲೂ ರಿವಾಯತ ಪದಗಳಿವೆ. ಶಿಶುನಾಳದ ಶರೀಫರಿಂದ ಹಿಡಿದು ಹೆಸರಿಲ್ಲದ ಎಷ್ಟೋ ಜನ ಕಟ್ಟಿದ್ದಾರೆ. ಹಾಡುವವರಲ್ಲಿ ಹಿಂದೂಗಳೇ ಹೆಚ್ಚಿರುವ ಊರುಗಳುಂಟು. ಅಲ್ಲಿ ಹೆಜ್ಜೆಯಿದೆ, ಹಾಡಿದೆ, ಕಣ್ಣೀರಿದೆ. ಆದರೆ ನಾನು ಕಂಡ ಮಟ್ಟಿಗೆ ಹುಸೇನರ ವೇಷ ಯಾರೂ ಹಾಕುವುದಿಲ್ಲ. ಭಕ್ತಿ ಅಲ್ಲಿ ಆಟದ ಹೊಸ್ತಿಲಲ್ಲಿ ನಿಲ್ಲುತ್ತದೆ. ಆ ಹಾಡಿನ ಮಟ್ಟನ್ನು ಸಣ್ಣಾಟದವರೂ ಬಳಸುತ್ತಾರೆಯೇ ಎಂದು ಕಿವಿಗೊಟ್ಟು ಕೇಳುವ ಕೆಲಸವನ್ನು ಸಂಗೀತ ಬಲ್ಲವರು ಮಾಡಬೇಕು.

ತಾಜಿಯಾ ಮತ್ತು ಪೀಕಿಂಗ್ ಒಪೆರಾ 2010ರಲ್ಲಿ, ಇಟಲಿಯ ಒಪೆರಾ ಗಾಯನ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಪಟ್ಟಿಗೆ ಸೇರಿಸಿ ಎಂದು ಅರ್ಜಿ ಬರೆಯುವ ಉಮೇದು ನನಗಿಲ್ಲ. ನವಲಗುಂದ ಸೀಮೆಯ ಆ ರಾತ್ರಿ ನಡೆದದ್ದನ್ನು ಮಾತ್ರ ಹೇಳುತ್ತೇನೆ. ನಾಲ್ಕು ಗಂಟೆಯ ಹೊತ್ತಿಗೆ ಈರ್‍ಯಾನ ಪಾತ್ರದ ಹಿರಿಯರು, ಹೆಂಡತಿಯ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮೈಕಿಗೆ ಬೆನ್ನು ಹಾಕಿ, ರಂಗದಿಂದ ಇಳಿದು ಜನರ ನಡುವೆ ನಡೆದು ಬಂದರು. ಹಾಡುತ್ತಲೇ ಬಂದರು. ಲೌಡ್‌ಸ್ಪೀಕರಿನಲ್ಲಿ ಬರೀ ಹಾರ್ಮೋನಿಯಂ ಉಳಿಯಿತು. ತಾಡಪತ್ರಿಯ ಮೇಲೆ ನಿದ್ದೆ ಹೋಗಿದ್ದವರು ಎದ್ದು ಕುಳಿತರು. ಅವರು ನನ್ನ ಪಕ್ಕದಲ್ಲೇ ಹಾದು ಹೋದಾಗ ಆ ದನಿ ಎದೆಗೂಡಿನಲ್ಲಿ ಹೊರಳುವುದು ನನಗೆ ಕಾಣುವಂತಿತ್ತು. ಅಷ್ಟರಲ್ಲಿ ಕಮಿಟಿಯ ಹುಡುಗನೊಬ್ಬ ಕೈಯಲ್ಲಿ ವೈರಿಲ್ಲದ ಮೈಕು ಹಿಡಿದು, ಕುಳಿತವರನ್ನು ದಾಟುತ್ತ ಅವರ ಹಿಂದೆ ಓಡಿಬಂದ.